ಅಪ್ಪ ಒಂದು ದಿನ ಶಾಲೆ ನೋಡಿಕೊಂಡದ್ದು

ನಾನು ಚಿಕ್ಕವನಿದ್ದಾಗ ಬಲು ಜಾಣನಾಗಿದ್ದೆ ಅಂತ ನಿಮ್ಮಜ್ಜಿ ಹೇಳಿರಬಹುದು. ನಂಬಬೇಡಿ ಮಕ್ಕಳೇ. ಮೂರನೇ ತರಗತಿಗೆ ಬಂದಿದ್ದರೂ ನನಗೆ ಸರಿಯಾಗಿ ಗೊತ್ತಿದ್ದದ್ದು ಹತ್ತೋ ಹನ್ನೆರಡೋ ಅಕ್ಷರ. ಉಳಿದದ್ದನ್ನೆಲ್ಲ ಅಂದಾಜಿನ ಮೇಲೆ ಓದಿಬಿಡುತ್ತಿದ್ದೆ. ಆ ಅಂದಾಜು ಒಂದು ದಿನ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೈಕೊಟ್ಟಿತು.

ನಮ್ಮೂರು ಕ್ಯಾಸಂಬಳ್ಳಿ ಪಕ್ಕದ ಸಣ್ಣ ಹಳ್ಳಿ. ಅಪ್ಪ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಮೇಸ್ತ್ರಿ. ನೆಲದಡಿಯ ಕತ್ತಲಲ್ಲಿ ಇಪ್ಪತ್ತು ಜನ ಆಳುಗಳು ಅಪ್ಪನ ಒಂದು ಕೂಗಿಗೆ ಓಡಿ ಬರುತ್ತಿದ್ದರಂತೆ. ಆದರೆ ಓದು ಮಾತ್ರ ಅಪ್ಪನಿಗೆ ಬರುತ್ತಿರಲಿಲ್ಲ. ಬಂಗಾರಪೇಟೆಯಲ್ಲಿ ಮದುವೆ ಊಟ ಮುಗಿಸಿ ಹೊರಟಾಗ ಅಪ್ಪ ಒಂದು ಬಸ್ಸಿನ ಬೋರ್ಡು ತೋರಿಸಿ, "ಓದ್ಲಾ, ನಮ್ ಊರ್ ಕಡೀದೇನಾ?" ಅಂದ. ಮೊದಲ ಅಕ್ಷರದಲ್ಲಿ 'ಕ' ಕಂಡಿತು. ಅಷ್ಟು ಸಾಕಾಯಿತು ನನಗೆ. "ಊನಪ್ಪಾ, ಕ್ಯಾಸಂಬಳ್ಳಿ" ಅಂದೆ.

ನೂಕುನುಗ್ಗಲಿನಲ್ಲಿ ಕಂಡಕ್ಟರು ನಮ್ಮ ಹತ್ತಿರ ಬರುವಷ್ಟರಲ್ಲಿ ಬಸ್ಸು ಊರು ದಾಟಿ ಎಷ್ಟೋ ದೂರ ಬಂದಿತ್ತು. ಅದು ಕಾಮಸಮುದ್ರದ ಬಸ್ಸು. ಬಟ್ಟಬಯಲಿನಲ್ಲಿ ನಮ್ಮನ್ನು ಇಳಿಸಿ ಹೋಯಿತು. ಬಿಸಿಲಿಗೆ ಕರಗಿದ ಟಾರು ಚಪ್ಪಲಿಗೆ ಅಂಟಿಕೊಳ್ಳುತ್ತಿತ್ತು. ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ, ಟವೆಲ್ಲು ತಲೆಗೆ ಸುತ್ತಿಕೊಂಡು ಮುಂದೆ ಮುಂದೆ ನಡೆದ. ಬಯ್ದಿದ್ದರೇ ವಾಸಿಯಿತ್ತು. ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು, ಅಪ್ಪನ ಪಾಳಿ ತಪ್ಪಿಹೋಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ ನನ್ನ ರಟ್ಟೆ ಹಿಡಿದುಕೊಂಡು ಶಾಲೆಗೆ ನಡೆದ. ನಾಲ್ಕನೇ ತರಗತಿಯಲ್ಲಿದ್ದ ಅಕ್ಕ ಇಬ್ಬರ ಸ್ಲೇಟುಗಳನ್ನೂ ಎದೆಗವಚಿಕೊಂಡು ಹಿಂದೆ ಹಿಂದೆ ಓಡಿ ಬಂದಳು. ನಮ್ಮ ಶಾಲೆ ಅಂದರೆ ಹೆಂಚು ಹೊದಿಸಿದ ಒಂದೇ ಕೋಣೆ. ನಾಲ್ಕು ಮೂಲೆಗೆ ನಾಲ್ಕು ತರಗತಿ, ನಡುವೆ ಒಬ್ಬರೇ ಮೇಷ್ಟ್ರು. ಒಳಗೆ ಕಾಲಿಟ್ಟರೆ ಸೀಮೆಸುಣ್ಣದ ಧೂಳು, ಸ್ಲೇಟಿಗೆ ಉಜ್ಜಿದ ತೊಂಡೆ ಸೊಪ್ಪಿನ ಹಸಿ ವಾಸನೆ.

ಬಾಗಿಲಲ್ಲೇ ನಿಂತು ಅಪ್ಪ ಶುರು ಮಾಡಿದ. "ಏನ್ ಮೇಷ್ಟ್ರೇ, ಮೂರನೇ ವರ್ಸ ಇದು. ನನ್ ಮಗನ್ಗೆ ಒಂದು ಬೋರ್ಡು ಓದಾಕ್ ಬರಲ್ಲ. ಇಲ್ಲಿ ಏನ್ ಕಲಿಸ್ತಾ ಇದ್ದೀರ ನೀವು? ಇವನನ್ನ ಬಿಡಿಸ್ಕೊಂಡ್ ಓಗಾಕೇ ಬಂದಿದ್ದೀನಿ. ಹಸುಗಳ ಹಿಂದೆನಾದ್ರೂ ಇರ್ಲಿ."

ನನಗೋ ಒಳಗೊಳಗೇ ಖುಷಿ. ಮಗ್ಗಿ ಇಲ್ಲ, ಕಾಪಿ ಇಲ್ಲ, ದಿನವಿಡೀ ಹುಲ್ಲುಗಾವಲು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಿತ್ತಲಿನಿಂದ ಒಂದು ಚೀತ್ಕಾರ ಕೇಳಿಸಿತು. ಶಾಲೆಯ ಹಿಂದೆ ಒಡೆದ ಹೆಂಚುಗಳ ಗುಡ್ಡೆಯೊಂದು ವರ್ಷಗಳಿಂದ ಬಿದ್ದಿತ್ತು. ಅಲ್ಲಿ ಆಡುತ್ತಿದ್ದ ಒಂದನೇ ತರಗತಿಯ ಹುಡುಗಿಗೆ ಚೇಳು ಕುಟುಕಿತ್ತು.

ಮೇಷ್ಟ್ರು ಆ ಮಗುವನ್ನು ಎತ್ತಿಕೊಂಡು ಬಂದರು. ಪಕ್ಕದ ಹೊಲದಲ್ಲಿದ್ದ ಅವಳ ತಾಯಿಯನ್ನು ಕೂಗಿ ಕರೆದು, ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಮಗುವನ್ನು ಮಡಿಲಿಗೆ ಕೊಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ಯಜಮಾನ್ರೇ, ಕ್ಯಾಸಂಬಳ್ಳಿ ಡಾಕ್ಟರ ಹತ್ತಿರ ಹೋಗಿ ಬರ್ತೀನಿ. ಅಲ್ಲಿವರೆಗೂ ಈ ಮಕ್ಕಳು ನಿಮ್ಮ ಜವಾಬ್ದಾರಿ. ಒಬ್ಬರನ್ನೂ ಆಚೆ ಬಿಡಬೇಡಿ. ಎಲ್ಲಿ ನೋಡಿದರೂ ಕಲ್ಲು, ಹೆಂಚು."

ಅಪ್ಪ ಏನನ್ನಾದರೂ ಹೇಳುವ ಮೊದಲೇ ಸೈಕಲ್ಲು ಹೊರಟುಹೋಯಿತು.

ಅಪ್ಪ ಮೀಸೆ ತಿರುವಿಕೊಂಡು ಒಳಗೆ ಬಂದ. ಇಪ್ಪತ್ತು ಆಳುಗಳನ್ನು ಆಳಿದವನಿಗೆ ನಲವತ್ತು ಮಕ್ಕಳು ಯಾವ ಲೆಕ್ಕ? "ಎಲ್ಲಾ ಬಾಯ್ ಮುಚ್ಕೊಂಡ್ ಕೂತ್ಕೊಳಿ" ಅಂದ. ಕೂತೆವು. ಎಷ್ಟು ಹೊತ್ತು? ಮೇಷ್ಟ್ರ ಸೈಕಲ್ಲು ಕೆರೆ ಏರಿ ದಾಟುವವರೆಗೆ. ಆಮೇಲೆ ಒಬ್ಬನಿಗೆ ನೀರು ಬೇಕಾಯಿತು, ಅವನ ಹಿಂದೆ ಒಂಬತ್ತು ಜನಕ್ಕೆ ಬೇಕಾಯಿತು. ಒಬ್ಬಳ ಹಲ್ಲು ಕಿತ್ತು ಕೈಗೆ ಬಂತು, ರಕ್ತ ನೋಡಿ ಅವಳ ಪಕ್ಕದವಳು ಅಳಲು ಹತ್ತಿದಳು. ಇಬ್ಬರು ಹುಡುಗರು ಒಂದೇ ಬಳಪಕ್ಕೆ ಜಗ್ಗಾಡಿ ಅದನ್ನು ಪುಡಿ ಮಾಡಿದರು. ಮನೆಯಲ್ಲಿ ತೆಲುಗು ಮಾತ್ರ ಆಡುತ್ತಿದ್ದ ಪುಟ್ಟ ಹುಡುಗನೊಬ್ಬ ಅಪ್ಪನ ಪಂಚೆ ಹಿಡಿದುಕೊಂಡು, ಅಮ್ಮನ ಹತ್ತಿರ ಹೋಗಬೇಕು ಅಂತ ಬಿಡದೆ ರಾಗ ಎಳೆದ.

ಅಪ್ಪನಿಗೆ ಸಿಟ್ಟು ನೆತ್ತಿಗೇರಿದರೆ ಗಣಿಯಲ್ಲಿ ಕಲಿತ ತಮಿಳು ಹೊರಗೆ ಬರುತ್ತಿತ್ತು. ಅವತ್ತು ಬಂತು. ಹುಡುಗರು ಹೆದರುವ ಬದಲು ಅದನ್ನೇ ಒಕ್ಕೊರಲಿನಿಂದ ಹೇಳತೊಡಗಿದರು. ನಾಚಿಕೆಯಿಂದ ನಾನು ಸ್ಲೇಟಿನ ಹಿಂದೆ ಮುಖ ಮರೆಸಿಕೊಂಡೆ. ಅಪ್ಪ ಗೋಡೆಗೆ ಒರಗಿ ನಿಂತು ಟವೆಲ್ಲಿನಿಂದ ಕತ್ತು ಒರೆಸಿಕೊಂಡು, "ಈ ಮನುಷ್ಯ ದಿನಾ ಎಂಗ್ ತಡ್ಕೊಂತಾನೆ?" ಅಂತ ತನಗೆ ತಾನೇ ಗೊಣಗಿಕೊಂಡ.

ನೀರು ಕುಡಿಯಲು ಹೋದವರು ಪೂರಾ ವಾಪಸ್ಸು ಬಂದರೋ ಇಲ್ಲವೋ ಅಪ್ಪನಿಗೆ ತಿಳಿಯಲಿಲ್ಲ. ಅಕ್ಕನನ್ನು ಕರೆದು ಹಾಜರಿ ಪುಸ್ತಕ ಓದಿಸಿದ. ಹುಣಸೆ ಮರ ಹತ್ತಿದ್ದ ಇಬ್ಬರು ಸಿಕ್ಕಿಬಿದ್ದರು. ಅಕ್ಕ ಪುಸ್ತಕ ಮುಚ್ಚುವಾಗ ಅಪ್ಪ ಅದರ ಮೇಲೆ ಕೈಯಿಟ್ಟ.

"ಇದೇನಮ್ಮ, ಅಲ್ಲಲ್ಲಿ ಕೆಂಪು ಶಾಯಿ?"

"ಶಾಲೆಗೆ ಬರದೇ ಇರೋ ದಿನಕ್ಕೆ ಕೆಂಪಲ್ಲಿ ಬರೀತಾರಪ್ಪ."

"ಈ ಸಾಲೆಲ್ಲಾ ಕೆಂಪಗೈತಲ್ಲ, ಇದ್ಯಾರ್ದು?"

ಅಕ್ಕ ನನ್ನ ಕಡೆ ನೋಡಿದಳು. "ನಮ್ಮೋನ್ದೇ ಅಪ್ಪ."

ಅಪ್ಪ ಒಂದೊಂದೇ ಹಾಳೆ ತಿರುಗಿಸಿ ಕೇಳುತ್ತಾ ಹೋದ, ಅಕ್ಕ ತಿಂಗಳ ಹೆಸರು ಓದುತ್ತಾ ಹೋದಳು. ರಾಗಿ ಕೊಯ್ಲಿಗೆ ಅಪ್ಪ ನನ್ನನ್ನು ಮನೆಯಲ್ಲಿ ನಿಲ್ಲಿಸಿಕೊಂಡ ತಿಂಗಳು. ಕಡಲೆಕಾಯಿ ಬಿಡಿಸಲು ನಿಲ್ಲಿಸಿಕೊಂಡ ತಿಂಗಳು. ಹಸು ಈದಾಗ, ಅತ್ತೆ ಮನೆ ಮದುವೆಯಾದಾಗ. ಓದಲು ಬಾರದ ಅಪ್ಪನಿಗೂ ಅದು ಓದಲು ಬಂತು. ಕೊನೆಗೆ ಪುಸ್ತಕ ಮುಚ್ಚಿ, "ಅವನ್ದಲ್ಲ ತಪ್ಪು. ಮೇಷ್ಟ್ರದ್ದೂ ಅಲ್ಲ" ಅಂತ ಮೆಲ್ಲಗೆ ಅಂದ. ಶಾಲೆ ತಪ್ಪುತ್ತದೆಂಬ ನನ್ನ ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಪ್ಪನ ಆ ಮುಖ ನೋಡಿ ಅಳು ಬಂದಂತಾಯಿತು.

ಮೇಷ್ಟ್ರು ಬರುವಾಗ ಸಂಜೆ ನಾಲ್ಕಾಗಿತ್ತು. ಅಂಗಿಯೆಲ್ಲ ಬೆವರು, ಧೂಳು. ಮಗು ಹುಷಾರಾಗಿದೆ, ತಾಯಿಯ ಜೊತೆ ಅಲ್ಲೇ ಮಲಗಿದೆ ಅಂದರು. ದಿನವಿಡೀ ಕೂಗಿ ಕೂಗಿ ಅಪ್ಪನ ದನಿ ಬಿದ್ದುಹೋಗಿತ್ತು.

"ಮೇಷ್ಟ್ರೇ, ನಾನೇನ್ ಮಾಡ್ಬೇಕು ಏಳಿ."

"ದಿನಾ ಕಳಿಸಿ, ಅಷ್ಟೇ. ಸಂಜೆ ಪಕ್ಕದಲ್ಲಿ ಕೂರಿಸ್ಕೊಂಡು ಇವತ್ತೇನು ಕಲಿತೆ ಅಂತ ಕೇಳಿ. ಕೇಳೋಕೆ ಓದು ಬರಬೇಕಾಗಿಲ್ಲ."

ಮುಂದಿನ ಭಾನುವಾರ ಅಪ್ಪ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಆ ಹೆಂಚಿನ ಗುಡ್ಡೆ ಸಾಗಿಸಿದ. ಅವತ್ತಿನಿಂದ ನನ್ನ ನೆಮ್ಮದಿಯೂ ಹೋಯಿತು. ಪಾಳಿಗೆ ಹೊರಡುವ ಮುಂಚೆ ಜಗಲಿಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದ. "ಏನೂ ಇಲ್ಲ" ಅಂದರೆ ಬಿಡುವವನಲ್ಲ. "ಏನೂ ಇಲ್ದೆ ಆ ಮೇಷ್ಟ್ರು ದಿನವೆಲ್ಲಾ ಸುಮ್ನೆ ನಿಂತಿದ್ರಾ?" ಅನ್ನುತ್ತಿದ್ದ. ಈ ಕಾಟ ತಡೆಯಲಾರದೆ ನಾನು ಕಲಿತೆ. ವರ್ಷ ಮುಗಿಯುವಷ್ಟರಲ್ಲಿ ಯಾವ ಬಸ್ಸಿನ ಬೋರ್ಡಾದರೂ ಪೂರ್ತಿ ಓದುತ್ತಿದ್ದೆ.

ಈಗ ನಿಮ್ಮ ಕಾಲ ನೋಡಿ. ನಿಮ್ಮ ಅಪ್ಪ ಅಮ್ಮ ಇಬ್ಬರೂ ಓದಿದವರು. ನೀವು ಒಂದು ದಿನವೂ ಶಾಲೆ ತಪ್ಪಿಸುವುದಿಲ್ಲ. ಆದರೆ ನಿಮ್ಮ ತರಗತಿಯ ವಾಟ್ಸಾಪ್ ಗುಂಪು ಬೆಳಗಾದರೆ ಟಿಂಗ್ ಟಿಂಗ್ ಅನ್ನುತ್ತದೆ. ಅರ್ಧ ಅಂಕ ಯಾಕೆ ಕಮ್ಮಿ, ನೋಟ್ಸ್ ಯಾಕೆ ಕಳಿಸಿಲ್ಲ, ನನ್ನ ಮಗುವನ್ನು ಯಾಕೆ ಹಿಂದಿನ ಬೆಂಚಿಗೆ ಹಾಕಿದ್ದೀರಿ. ಓದಿ ಓದಿ ನನಗೆ ತಲೆಕೆಟ್ಟು ಹೋಗುತ್ತದೆ. ಪ್ರಾಜೆಕ್ಟ್ ಕೊಟ್ಟರೆ ಥರ್ಮೋಕೋಲ್ ಕತ್ತರಿಸುವವರು ನಿಮ್ಮಪ್ಪ, ಬಣ್ಣ ಹಚ್ಚುವವರು ನಿಮ್ಮಮ್ಮ, ನೀವು ಟಿವಿ ಮುಂದೆ. ಇಷ್ಟೆಲ್ಲ ಮಾಡುವವರಿಗೆ ನಿಮ್ಮ ಜೊತೆ ಹತ್ತು ನಿಮಿಷ ಕೂರಲು ಪುರುಸೊತ್ತಿಲ್ಲ.

ಮೊನ್ನೆ ಬಂಗಾರಪೇಟೆಯ ನಿಮ್ಮ ಶಾಲೆಯಲ್ಲಿ ಪೋಷಕರ ಸಭೆಗೆ ನಾನೇ ಹೋಗಿದ್ದೆನಲ್ಲ, ಪುಟ್ಟಿ. ನಿಮ್ಮ ಮಿಸ್ ಇನ್ನೂ ಚಿಕ್ಕ ವಯಸ್ಸಿನವರು. ನನ್ನ ಮುಂದಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ದೂರು ಹೇಳಿದರು. ನನ್ನ ಸರದಿ ಬಂದಾಗ ಅವರು ಪೆನ್ನು ಹಿಡಿದು, "ನಿಮ್ಮದೇನು ಕಂಪ್ಲೇಂಟು ತಾತ?" ಅಂದರು. "ಏನೂ ಇಲ್ಲಮ್ಮ. ಮನೇಲಿ ನಾವೇನು ಮಾಡಬೇಕು ಅಂತ ಕೇಳೋಣ ಅಂತ ಬಂದೆ" ಅಂದೆ. ಅವರು ಪೆನ್ನು ಕೆಳಗಿಟ್ಟು ಕುರ್ಚಿ ಎಳೆದು ಕೂರಿಸಿದರು. ನೀನು ತರಗತಿಯಲ್ಲಿ ಗಟ್ಟಿಯಾಗಿ ಓದಲು ಅಂಜುತ್ತೀಯಂತೆ. ದಿನಾ ಒಂದು ಪುಟ ಮನೆಯಲ್ಲಿ ಓದಿಸಿ, ಯಾರಾದರೂ ಕೂತು ಕೇಳಿ, ಸಾಕು ಅಂದರು.

ಅದಕ್ಕೇ ದಿನಾ ಸಂಜೆ ನಿನ್ನನ್ನು ಕರೆದು ಕೂರಿಸಿಕೊಳ್ಳುವುದು. ಈ ತಾತನ ಕಾಟ ಅಂತ ನೀನು ಮುಖ ಊದಿಸಿಕೊಂಡರೂ ಸರಿಯೇ. ಎಲ್ಲಿ, ಪುಸ್ತಕ ತೆಗಿ. ಇನ್ನೂ ಗಟ್ಟಿಯಾಗಿ. ನಿಲ್ಲು ನಿಲ್ಲು, ನಡುವೆ ಒಂದು ಸಾಲು ಹಾರಿಸಿದೆಯಲ್ಲ. ನನಗೆ ನಿದ್ದೆ ಬಂದಿದೆ ಅಂದುಕೊಂಡೆಯಾ? ಮೊದಲಿಂದ ಓದು.