ಅರಳದ ಅಕ್ಕಿ

ಕೌಲ್ ಬಜಾರಿನ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದ ಆ ಅವ್ವನ ಬಾಯಲ್ಲಿ ಒಂದೊಂದು ಉಬ್ಬಿಗೂ ಒಂದೊಂದು ಮಾತಿತ್ತು. ಹಾಲು ಉಕ್ಕುತ್ತಿತ್ತು, ದೋಸೆ ಹಿಟ್ಟು ಹುದುಗುತ್ತಿತ್ತು, ಪೂರಿ ಉಬ್ಬುತ್ತಿತ್ತು, ನಿಂತೂ ನಿಂತೂ ಅವಳ ಕಾಲು ಬಾತುಕೊಳ್ಳುತ್ತಿತ್ತು. ಮಂಡಕ್ಕಿ ಮಾತ್ರ ಅರಳುತ್ತಿತ್ತು. "ಚಲೋ ಉಬ್ಬೈತವ್ವಾ" ಎಂದು ನಾನು ಹೊಗಳಿದರೂ ಜರಡಿ ನಿಲ್ಲಿಸಿ, "ಎಲ್ಲಾ ಉಬ್ಬೂ ಒಂದೇ ಅಲ್ಲೋ ತಮ್ಮಾ" ಎನ್ನುತ್ತಿದ್ದಳು.

ನಾನಾಗ ಜಿಮ್ಮಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದು ದಿನ ನನಗಿಂತ ಎತ್ತರದ ಮಂಡಕ್ಕಿ ಚೀಲವನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ, ಅವಳ ಮಗಳಿಂದ ಫೋಟೊ ತೆಗೆಸಿಕೊಂಡು ಸ್ಟೇಟಸ್‌ಗೆ ಹಾಕಿದೆ. ಚೀಲದೊಳಗೇನಿದೆ ಎಂದು ಬರೆಯಲಿಲ್ಲ. ನಮ್ಮೂರು ಕುರುಗೋಡಿನ ಗೆಳೆಯರಿಂದ ಶಹಬ್ಬಾಸ್‌ಗಳು ಬರತೊಡಗಿದವು. ಒಂದೊಂದನ್ನೂ ಅವ್ವನಿಗೆ ಓದಿ ಹೇಳಿದೆ.

ಅವಳು ಫೋಟೊ ನೋಡಿದಳು, ನನ್ನ ತೋಳು ನೋಡಿದಳು. ಆಮೇಲೆ ಮೂಲೆಯಲ್ಲಿ ನನ್ನ ಸೊಂಟದೆತ್ತರಕ್ಕೂ ಬಾರದೆ ಕೂತಿದ್ದ ಇನ್ನೊಂದು ಚೀಲದತ್ತ ಗದ್ದ ಎತ್ತಿದಳು.

"ಅಷ್ಟು ದೊಡ್ಡದು ಎತ್ತೀದಿ. ಈ ಸಣ್ಣದನ್ನ ಒಲಿ ಹತ್ರ ಇಟ್ಟು ಹೋಗಪಾ."

ಒಂದು ಕೈ ಹಾಕಿದೆ. ಚೀಲ ಮಿಸುಕಲಿಲ್ಲ. ಎರಡೂ ಕೈ ಹಾಕಿದೆ. ಕೆನ್ನೆ ಊದಿತು, ಕತ್ತಿನ ನರ ಉಬ್ಬಿತು, ಅಂಗಿಯ ಗುಂಡಿಯೊಂದು ಹಾರಿ ಒಲೆಯ ಕಡೆ ಹೋಯಿತು. ಚೀಲ ಮಾತ್ರ ಅಲ್ಲೇ ಕೂತಿತ್ತು. ಅವಳ ಮಗಳು ಮತ್ತೆ ಫೋಟೊ ತೆಗೆದಳು.

"ಇದರಾಗೇನು ಕಲ್ಲು ತುಂಬೀಯೇನವ್ವಾ?"

"ಅದೇ ಅಕ್ಕಿ ತಮ್ಮಾ," ಎಂದಳು, ಜರಡಿ ಆಡಿಸುತ್ತಲೇ. "ಇನ್ನೂ ಅರಳಿಲ್ಲ, ಅಷ್ಟೇ."