ಕಾರಿಗೆ ದಮ್ಮು ಕಟ್ಟಿದ್ದು

ತೆರೆದ ಬಾಯಿಯನ್ನು ಕಂಡರೆ ನನ್ನ ತಾಯಿಗೆ ಆಗುತ್ತಿರಲಿಲ್ಲ. ಬಾಯಿ ಯಾವುದರದ್ದಾದರೂ ಸರಿ: ನೀರಿನ ಹಂಡೆ, ಬೆಲ್ಲದ ಡಬ್ಬಿ, ರಾಗಿಯ ಗುಡಾಣ, ಎಣ್ಣೆಯ ಸೀಸೆ, ಕಡೆಗೆ ಮಧ್ಯಾಹ್ನದ ನಿದ್ರೆಯಲ್ಲಿ ಜಗತ್ತನ್ನೂ ಜಡ್ಜನ್ನೂ ಮರೆತು ಬಿದ್ದಿರುತ್ತಿದ್ದ ಅವಳ ವಕೀಲ ಮಗನದ್ದು. ಮುಚ್ಚಳವಿದ್ದರೆ ಮುಚ್ಚುತ್ತಿದ್ದಳು, ಇಲ್ಲದಿದ್ದರೆ ಕಟ್ಟುತ್ತಿದ್ದಳು. ಉಪ್ಪಿನಕಾಯಿಯ ಭರಣಿಗಂತೂ ಷೋಡಶ ಸಂಸ್ಕಾರ. ಮೊದಲು ಮುಚ್ಚಳ, ಅದರ ಮೇಲೆ ಮುತ್ತುಗದ ಎಲೆ, ಎಲೆಯ ಮೇಲೆ ನಾಲ್ಕು ಪದರ ಮಡಿಸಿದ ಹಳೆಯ ಪಂಚೆಯ ತುಂಡು, ಅದರ ಕೊರಳಿಗೆ ಮೂರು ಸುತ್ತು ಸೆಣಬಿನ ದಾರ, ಕೊನೆಗೆ ಅವಳ ಹೊರತು ಬೇರೆ ಯಾರ ಉಗುರಿಗೂ ಬಗ್ಗದ ಒಂದು ಗಂಟು. ಮಧುಗಿರಿ ಕೋರ್ಟಿನಲ್ಲಿ ಅರಗಿನ ಮೊಹರು ಒಡೆದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅಮ್ಮನ ಗಂಟು ಜಾರಿದ್ದನ್ನು ಮಾತ್ರ ಕಂಡವನಲ್ಲ.

ಭರಣಿಯ ಪುರಾಣಕ್ಕೂ ನಾನು ಹೇಳಹೊರಟಿರುವ ಮೋಟಾರು ಕಾರಿನ ಪ್ರಸಂಗಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸ್ವಲ್ಪ ತಾಳಿ. ವಕೀಲನಾದವನಿಗೆ ನೇರವಾಗಿ ವಿಷಯಕ್ಕೆ ಬರುವುದು ವೃತ್ತಿದ್ರೋಹವಾದೀತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕೊರಟಗೆರೆಯ ಮಂಡಿ ವರ್ತಕರೊಬ್ಬರಿಂದ ನಾನೊಂದು ಕಾರು ಕೊಂಡೆ. ಯುದ್ಧಕ್ಕೂ ಮುಂಚೆ ಹುಟ್ಟಿದ, ಕಪ್ಪು ಬಣ್ಣದ, ಗೂನುಬೆನ್ನಿನ, ಮುಂದೆ ನಿಂತು ಹ್ಯಾಂಡಲ್ ಹೊಡೆಯದೆ ಕಣ್ಣು ಬಿಡದ ವಿಲಾಯಿತಿ ವಾಹನ. ಬೀಳ್ಕೊಡುವಾಗ ಆ ವರ್ತಕರ ಕಣ್ಣಂಚಿನಲ್ಲಿ ನೀರಾಡಿತು. ಅದು ಅಗಲಿಕೆಯ ನೀರೆಂದು ನಾನು ತಿಳಿದೆ. ಬಿಡುಗಡೆಯ ನೀರೆಂದು ಮೂರನೆಯ ವಾರ ಅರ್ಥವಾಯಿತು. ಅಷ್ಟರಲ್ಲಿ ಊರಿನಲ್ಲಿ ನನ್ನ ಪ್ರತಿಷ್ಠೆ ಒಂದು ಮೊಳ ಏರಿತ್ತಾದ್ದರಿಂದ ಇಳಿಯುವುದಕ್ಕೆ ದಾರಿಯಿರಲಿಲ್ಲ.

ಕಾರು ಕೊಂಡದ್ದಕ್ಕೆ ಲೋಕಕ್ಕೆ ಹೇಳಿದ ಕಾರಣ ಬೇರೆ, ನಿಜವಾದ ಕಾರಣ ಬೇರೆ. ಅಮ್ಮನಿಗೆ ಒಬ್ಬಳೇ ಒಬ್ಬಳು ಅಕ್ಕ, ನನ್ನ ದೊಡ್ಡಮ್ಮ, ಪಾವಗಡದಾಚೆ ಬಲಸಮುದ್ರದಲ್ಲಿದ್ದಳು. ಹನ್ನೊಂದು ವರ್ಷದ ಹಿಂದೆ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋಗಿ ಬಂದದ್ದೇ ಕೊನೆ. ಆಮೇಲೆ ಅಮ್ಮನ ಸೊಂಟ ಗಾಡಿಯ ಕುಲುಕಾಟಕ್ಕೆ ಒಗ್ಗಲಿಲ್ಲ. ಬಸ್ಸಿನ ಮಾತೆತ್ತುವ ಹಾಗಿಲ್ಲ. ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಹೊಗೆಯ ವಾಸನೆ ಬಡಿದರೆ ಸಾಕು, ಅವಳ ಹೊಟ್ಟೆ ತೊಳಸಿಕೊಂಡು ಬರುತ್ತಿತ್ತು. ದೊಡ್ಡಮ್ಮನ ಹೊಟ್ಟೆಯದೂ ಅದೇ ಜಾತಕ. ಹೀಗಾಗಿ ಅಕ್ಕತಂಗಿಯರು ಹೋಗಿಬರುವವರ ಬಾಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತ ಕಾಲ ಹಾಕಿದ್ದರು. ಒಂದು ದಿನ ಆ ಊರಿನ ಕಕ್ಷಿದಾರನೊಬ್ಬ ನಮ್ಮ ಜಗಲಿಯಲ್ಲಿ ಕುಳಿತು ಅಮ್ಮನಿಗೆ ಹೇಳಿದ: "ಅಮ್ಮಯ್ಯ, ನಿಮ್ಮಕ್ಕನೋರಿಗೆ ಕಣ್ಣು ಮಂಜಾಗ್ತಾ ಬಂದೈತೆ. ಪೂರಾ ಕತ್ತಲಾಗೋ ಮುಂಚೆ ತಂಗಿ ಮುಖ ಒಂದ್ಸಲ ನೋಡ್ಬೇಕು ಅಂತ ಅವ್ರೆ." ಅಮ್ಮ ಎದ್ದು ಒಳಗೆ ಹೋದಳು. ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ನಾನು ಕಾರು ಹುಡುಕತೊಡಗಿದ್ದು ಆ ಮರುದಿನದಿಂದ.

ಆದರೆ ವಿಧಿ ವಕೀಲನಿಗಿಂತ ದೊಡ್ಡ ವಕೀಲ. ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೊರಟ ಮೊದಲ ಸಲ, ಮಧುಗಿರಿಯ ಬೆಟ್ಟ ಬೆನ್ನಿಗೆ ಬೀಳುವ ಮೊದಲೇ, ಕಾಲ ಕೆಳಗಿನ ಹಲಗೆಯ ಸಂದಿಯಿಂದ ಸುಟ್ಟ ಎಣ್ಣೆಯ ಹೊಗೆ ಎದ್ದು ಒಳಗೆಲ್ಲ ತುಂಬಿಕೊಂಡಿತು. ಬಸ್ಸಾದರೂ ಹೊಗೆಯನ್ನು ಹಿಂದಕ್ಕೆ ಬಿಡುತ್ತಿತ್ತು. ನಮ್ಮದು ಯಜಮಾನರಿಗೇ ನೈವೇದ್ಯ ಮಾಡುತ್ತಿತ್ತು. ಮಿಡಿಗೇಶಿ ಮುಟ್ಟುವಷ್ಟರಲ್ಲಿ ಮೂರು ಸಲ ನಿಲ್ಲಿಸಬೇಕಾಯಿತು. ಕೋಟೆಯ ಬೆಟ್ಟದ ಕೆಳಗೆ ಒಂದು ಬೇವಿನ ಮರದ ಬುಡದಲ್ಲಿ ಅಮ್ಮ ನಿಂಬೆಹಣ್ಣು ಮೂಸುತ್ತ ಕುಳಿತು, ಪಾವಗಡದ ಕಡೆಯ ರಸ್ತೆಯನ್ನು ಒಮ್ಮೆ ನೋಡಿ, "ಬುಡಪ್ಪ, ನನ್ನ ಹಣೇಲಿ ಬರ್ದಿಲ್ಲ. ಗಾಡಿ ತಿರುಗ್ಸು" ಎಂದಳು. ನನಗೆ ಅಳು ಬಂದಿತ್ತು. ಮೀಸೆ ಬಂದ ಮೇಲೆ ಅಳುವುದಕ್ಕೆ ನಮ್ಮ ಕಡೆ ಪದ್ಧತಿಯಿಲ್ಲದ್ದರಿಂದ ಟಯರಿಗೆ ಒದ್ದೆ. ನೋವಾದದ್ದು ನನ್ನ ಕಾಲಿಗೆ.

ಆ ವಾರ ಶುಕ್ರವಾರ ಸಿರಾದ ಖಾಸಿಂ ಸಾಬರ ಬಳಿಗೆ ಕಾರು ಒಯ್ದೆ. ಲಾರಿ, ಬಸ್ಸು, ನೀರೆತ್ತುವ ಎಂಜಿನ್ನು ಎಲ್ಲಕ್ಕೂ ಆ ಭಾಗದಲ್ಲಿ ಅವರೇ ಧನ್ವಂತರಿ. ಅವರು ಬಾನೆಟ್ಟಿನ ಒಂದು ಮಗ್ಗುಲನ್ನೆತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದರು. ಆ ತೂತಿನಿಂದ ಹೊಗೆ ಪುಸ್ಸೆಂದು ಚಿಮ್ಮಿತು. ಸಾಬರು ಗಡ್ಡ ನೀವಿಕೊಂಡು, "ವಕೀಲ್ ಸಾಬ್, ನಿಮ್ ಗಾಡಿಗೆ ದಮ್ಮು ಕಟ್ಟೈತೆ" ಎಂದರು. ಎಂಜಿನ್ನಿನೊಳಗೆ ಉರಿಯುವ ಗಾಳಿಯಲ್ಲಿ ಒಂದಿಷ್ಟು ಸೋರಿ ಕೆಳಗಿನ ಎಣ್ಣೆಯ ಹೊಟ್ಟೆಗೆ ಇಳಿಯುತ್ತದಂತೆ. ಅದು ಹೊರಗೆ ಹೋಗಲೆಂದು ಪಕ್ಕದಲ್ಲೊಂದು ಕೊಳವೆ, ಕೊಳವೆಯ ತುದಿಯಲ್ಲಿ ಕಬ್ಬಿಣದ ನಾರು ತುಂಬಿದ ತೂತುತೂತಿನ ಒಂದು ಡಬ್ಬಿ. ಬ್ರೀದರ್ ಎಂದು ಅದಕ್ಕೆ ಹೆಸರು. ನನ್ನ ಕಾರಿನ ಡಬ್ಬಿಯಲ್ಲಿ ಇಪ್ಪತ್ತು ವರ್ಷದ ಧೂಳೂ ಎಣ್ಣೆಯೂ ಕಲೆತು ಟಾರಿನಂತೆ ಗಟ್ಟಿಯಾಗಿ, ಹೊಗೆ ಸಿಕ್ಕಸಿಕ್ಕ ಸಂದಿಯಿಂದ ಕಾರಿನೊಳಕ್ಕೆ ನುಗ್ಗುತ್ತಿತ್ತು.

ಸಾಬರು ಗೂಡಿನಿಂದ ಅದೇ ಅಳತೆಯ ಬೇರೊಂದು ಡಬ್ಬಿ ಹುಡುಕಿ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಕೊಟ್ಟರು. "ಗಾಡಿ ಬಿಟ್ಟು ಚಾ ಕುಡ್ಕೊಂಡು ಬನ್ನಿ. ನಾನು ನಮಾಜ್ ಮುಗಿಸ್ಕೊಂಡು ಬಂದು ಹಾಕ್ಕೊಡ್ತೀನಿ. ಅರ್ಧ ಗಂಟೆ ಕೆಲಸ" ಎಂದರು. ಆಗ ನನ್ನ ಬಾಯಿಂದ ಬಂದ ಮಾತು, "ಇಷ್ಟೇ ತಾನೆ? ನಾನೇ ಹಾಕಿಕೊಳ್ಳುತ್ತೇನೆ." ಮನುಷ್ಯಕುಲದ ಅನರ್ಥಗಳಲ್ಲಿ ಮುಕ್ಕಾಲು ಪಾಲು ಈ "ಇಷ್ಟೇ ತಾನೆ" ಎಂಬ ಉದ್ಗಾರದಿಂದಲೇ ಆರಂಭವಾಗಿರಬೇಕೆಂದು ನನ್ನ ಊಹೆ. ಸಾಬರು ನನ್ನ ಬಿಳಿಯ ಅಂಗಿಯನ್ನೂ ಕೈಬೆರಳುಗಳನ್ನೂ ನೋಡಿ ನಕ್ಕು, "ಹಾಕಿ. ಉಸಿರು ಹೊರಗೆ ಬರ್ಬೇಕು, ಅಷ್ಟು ನೆನಪಿಟ್ಕೊಳ್ಳಿ, ಬಸ್" ಎಂದರು.

ಮರುದಿನ ಕೋರ್ಟಿಗೆ ರಜೆ. ಮನೆಯ ಮುಂದೆ ಕಾರು ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಸ್ಪ್ಯಾನರು ಹಿಡಿದೆ. ಹಳೆಯ ಡಬ್ಬಿಯನ್ನು ಕೊಳವೆಗೆ ಬಿಗಿದಿದ್ದದ್ದು ಒಂದು ಪಟ್ಟಿ, ಒಂದು ತಿರುಪು. ಆ ತಿರುಪಾದರೋ ತುಕ್ಕು ಹಿಡಿದು ಸ್ಥಿತಪ್ರಜ್ಞನಾಗಿತ್ತು. ಹತ್ತು ನಿಮಿಷದಲ್ಲಿ ಬೀದಿಯ ಗಣ್ಯರೆಲ್ಲ ನೆರೆದರು. ಒಬ್ಬರು "ಎಡಕ್ಕೆ ತಿರುಗ್ಸಿ ಸ್ವಾಮಿ" ಎಂದರೆ ಇನ್ನೊಬ್ಬರು "ಬಲಕ್ಕೆ" ಎಂದರು. ಎದುರಾಳಿ ವಕೀಲರಿಲ್ಲದೆಯೇ ನಾನು ಎರಡು ವಾದಗಳ ನಡುವೆ ಸಿಕ್ಕಿಬಿದ್ದೆ. ಸೀಮೆಎಣ್ಣೆ ಸುರಿದೆ, ಸುತ್ತಿಗೆಯಿಂದ ತಟ್ಟಿದೆ, ಹೆಬ್ಬೆರಳಿಗೂ ತಟ್ಟಿಕೊಂಡೆ. ಅವಸರದಲ್ಲಿ ಸಂಬಂಧವೇ ಇಲ್ಲದ ಬೇರೆ ಎರಡು ತಿರುಪು ಬಿಚ್ಚಿ, ಅವು ಎಲ್ಲಿಯವೆಂಬುದನ್ನು ಮರೆತೆ. ಅರ್ಧ ಗಂಟೆಯ ಕೆಲಸ ಮೂರು ಗಂಟೆ ಹಿಡಿದು, ಕೊನೆಗೆ ಹಳೆಯ ಡಬ್ಬಿ ಕೈಗೆ ಬಂದಾಗ ನೆರೆದವರು ಹೋ ಎಂದರು. ಹೊಸದು ಲಕ್ಷಣವಾಗಿ ಕೂತಿತು. ಬಿಚ್ಚಿದ ಆ ಎರಡು ತಿರುಪುಗಳಲ್ಲಿ ಒಂದಕ್ಕೆ ಸ್ಥಾನ ಸಿಕ್ಕಿತು, ಇನ್ನೊಂದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದಿಲ್ಲದೆ ಕಾರಿಗೆ ಏನೂ ಕೊರತೆಯಾದಂತೆ ಕಾಣಲಿಲ್ಲ.

ಸಂಜೆ ಬಡವನಹಳ್ಳಿಯವರೆಗೆ ಒಬ್ಬನೇ ಓಡಿಸಿ ಬಂದೆ. ಹೊಗೆಯಿಲ್ಲ, ವಾಸನೆಯಿಲ್ಲ. ವಿಜಯಿಯಾಗಿ ಹಿಂದಿರುಗಿ, ಅಮ್ಮನನ್ನು ಕಾರಿನ ಮುಂದೆ ನಿಲ್ಲಿಸಿಕೊಂಡು, ಬಾನೆಟ್ಟೆತ್ತಿ ಹೊಸ ಡಬ್ಬಿ ತೋರಿಸಿ, ಅಂತರ್ದಹನ ಯಂತ್ರದ ಗರ್ಭದಲ್ಲಿ ಸಂಚಯವಾಗುವ ಅನಿಲಗಳ ನಿರ್ಗಮನ ಮಾರ್ಗವನ್ನು ಕುರಿತು ಒಂದು ಉಪನ್ಯಾಸವನ್ನೇ ಕೊಟ್ಟೆ. ಅಮ್ಮ ಭಕ್ತಿಯಿಂದ ಕೇಳಿ, "ಇಷ್ಟೊಂದು ತೂತು ಐತಲ್ಲಪ್ಪ, ಒಳಕ್ಕೆ ಧೂಳು ಹೋಗಾಕಿಲ್ವಾ?" ಎಂದಳು. "ಧೂಳು ಎಂಜಿನ್ನಿನ ಪರಮಶತ್ರು" ಎಂದು ಗಂಭೀರವಾಗಿ ನುಡಿದು ಸ್ನಾನಕ್ಕೆ ಹೋದೆ. ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆಯನ್ನೇ ದೊಡ್ಡದು ಮಾಡಿ ಹೋಗುವುದು ನನ್ನ ವೃತ್ತಿಯ ರೋಗ.

ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟೆವು. ಅಮ್ಮ ಹೊಸ ಸೀರೆ ಉಟ್ಟಿದ್ದಳು. ಮೂರು ಮೈಲಿ ಹೋಗಿರಲಿಲ್ಲ, ಹಲಗೆಯ ಸಂದಿಯಿಂದ ಹೊಗೆ ಎದ್ದಿತು. ಹಿಂದಿನ ಸಲಕ್ಕಿಂತ ದಟ್ಟವಾದ ಹೊಗೆ. ಹಿಂದೆ ತಿರುಗಿ ನೋಡಿದರೆ ರಸ್ತೆಯುದ್ದಕ್ಕೂ ಎಣ್ಣೆಯ ಚುಕ್ಕಿಗಳ ರಂಗೋಲಿ. ಅಮ್ಮನ ಕೈ ನಿಂಬೆಹಣ್ಣಿನ ಗಂಟಿಗೆ ಹೋಯಿತು. ನನಗೆ ನಖಶಿಖಾಂತ ಸಿಟ್ಟು ಬಂತು, ಬಂದದ್ದು ಖಾಸಿಂ ಸಾಬರ ಮೇಲೆ. "ಯಾವುದೋ ಗುಜರಿ ಡಬ್ಬಿ ಕೊಟ್ಟು ಕೈ ತೊಳೆದುಕೊಂಡರು! ಅವರನ್ನು ನಂಬಿದ್ದೇ ತಪ್ಪು!" ಎಂದು ನಿರ್ಜನವಾದ ರಸ್ತೆಯಲ್ಲಿ ಆರೋಪಪಟ್ಟಿ ಓದುತ್ತ ಕಾರು ನಿಲ್ಲಿಸಿ, ಇಳಿದು, ಬಾನೆಟ್ಟು ಎತ್ತಿದೆ.

ನಿನ್ನೆ ಕೂರಿಸಿದ ಡಬ್ಬಿ ಕಾಣಲಿಲ್ಲ. ಆ ಜಾಗದಲ್ಲಿ ಇದ್ದದ್ದು ಪುಟ್ಟದೊಂದು ಉಪ್ಪಿನಕಾಯಿ ಭರಣಿಯ ತಲೆ. ಮುತ್ತುಗದ ಎಲೆ, ನಾಲ್ಕು ಪದರದ ಪಂಚೆ, ಮೂರು ಸುತ್ತು ಸೆಣಬಿನ ದಾರ. ಎಣ್ಣೆ ಕುಡಿದು ಕಪ್ಪಾಗಿದ್ದರೂ ಗಂಟು ಒಂದಿಷ್ಟೂ ಸಡಿಲವಾಗಿರಲಿಲ್ಲ.

ನಾನು ತಿರುಗಿದೆ. ಅಮ್ಮ ಕಾರಿನಿಂದ ಇಳಿದು ಹಿಂದೆ ನಿಂತಿದ್ದಳು. "ಪಾಪ, ಆ ಸಾಬರನ್ನ ಅನ್ನಬ್ಯಾಡ. ನಾನೇ ಕಟ್ಟಿದ್ದು ಕಣಪ್ಪ" ಎಂದಳು. "ಬೆಳಿಗ್ಗೆ ನೀನು ಮುಖ ತೊಳೀತಿದ್ದೆ. ಪಾವಗಡದ ದಾರಿ ಧೂಳು ನಂಗೊತ್ತಿಲ್ವಾ? ಅಕ್ಕನ ಮನೆ ಮುಟ್ಟೋವರ್ಗಾದ್ರೂ ಗಾಡಿ ಕೆಡಬಾರ್ದು ಅಂತ ಕಟ್ಟಿದೆ."

ಕಾರು ಕೆಟ್ಟೀತೆಂದು ನನಗಿದ್ದದ್ದು ಮರ್ಯಾದೆಯ ಭಯ. ಅವಳಿಗಿದ್ದದ್ದು ಅಕ್ಕನ ಮುಖ ತಪ್ಪಿಹೋದೀತೆಂಬ ಭಯ. ನನಗೆ ನಾಚಿಕೆಯಾಯಿತು. ಆದರೂ ಸುಮ್ಮನಿರಲಾರದೆ, "ಅಮ್ಮ, ಅದು ಹೊಗೆ ಹೊರಗೆ ಬಿಡುವ ಜಾಗ. ನಿನ್ನೆಯೇ ಅಷ್ಟು ವಿವರವಾಗಿ ಹೇಳಿದೆನಲ್ಲ?" ಎಂದೆ.

"ಅದೇನೋ ಮಂತ್ರ ಹೇಳ್ದೆ. ಉಸಿರು ಬುಡೋ ಜಾಗ ಅಂತ ಕನ್ನಡದಾಗೆ ಹೇಳಿದ್ರೆ ನಾನ್ಯಾಕೆ ಕಟ್ತಿದ್ದೆ?" ಎಂದಳು ಅಮ್ಮ.

ಇದಕ್ಕೆ ಮೇಲ್ಮನವಿ ಇರಲಿಲ್ಲ. ನಾನು ಹಲ್ಲಿನಿಂದಲೂ ಬಿಚ್ಚಲಾಗದ ಗಂಟನ್ನು ಅವಳು ಎರಡು ಬೆರಳಲ್ಲಿ ಬಿಡಿಸಿ, ಬಟ್ಟೆಯನ್ನು ಬೇಲಿಯಾಚೆ ಎಸೆದಳು. ಎಂಜಿನ್ನು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಸರಾಗವಾಗಿ ಓಡತೊಡಗಿತು. ಮುಂದಿನ ವಾರ ಸಿರಾಕ್ಕೆ ಹೋಗಿ ಖಾಸಿಂ ಸಾಬರಿಗೆ ಎಲ್ಲವನ್ನೂ, ನಾನು ರಸ್ತೆಯಲ್ಲಿ ಆಡಿದ್ದನ್ನೂ ಸೇರಿಸಿ, ಒಪ್ಪಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಅಮ್ಮಾಜಾನ್‌ಗೆ ನನ್ ಸಲಾಂ ಹೇಳಿ" ಎಂದರು. ನನಗೆ ಮಾತ್ರ ಅವರ ಮುಖವನ್ನು ನಾಚದೆ ನೋಡುವುದಕ್ಕೆ ಇನ್ನೂ ಒಂದು ತಿಂಗಳು ಬೇಕಾಯಿತು.

ಆ ಭಾನುವಾರ ಮಿಡಿಗೇಶಿಯ ಬೇವಿನ ಮರ ದಾಟಿದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ. ಅವಳು ಮಾತಾಡುತ್ತಿದ್ದಳು. ಅಕ್ಕನೊಂದಿಗೆ ಹುಣಸೆಕಾಯಿ ಕದ್ದದ್ದು, ಅಕ್ಕನ ಮದುವೆಯ ದಿನ ಬಂಡಿಯ ಹಿಂದೆ ಊರಾಚೆಯವರೆಗೆ ಓಡಿದ್ದು, ಹೀಗೆ ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಯಾರೂ ಕೇಳದ, ಅವಳೂ ಹೇಳದ ಮಾತುಗಳು. ನಾನು ಮನೆಗೆ ಹಿರಿಯವನು, ವಿದ್ಯಾವಂತ, ಎಲ್ಲಕ್ಕೂ ಸಲಹೆ ಕೊಡುವವನು. ಆದರೆ ಅಕ್ಕನನ್ನು ನೋಡಬೇಕೆನಿಸುತ್ತದೆಯೇ ಎಂದು ಒಂದು ದಿನವೂ ಅವಳನ್ನು ಕೇಳಿದವನಲ್ಲ. ಒಳಗೊಳಗೇ ದುಡಿಯುವ ಯಾವುದಕ್ಕೂ ಉಸಿರು ಹೋಗಿಬರಲು ಒಂದು ಸಣ್ಣ ದಾರಿಯಾದರೂ ಬೇಕು; ಅದನ್ನು ಮುಚ್ಚುವವರು ಹೆಚ್ಚಾಗಿ ಪ್ರೀತಿಯುಳ್ಳವರೇ, ಒಳ್ಳೆಯದಾಗಲೆಂದೇ ಮುಚ್ಚುತ್ತಾರೆ. ಇಷ್ಟು ತಿಳಿಯಲು ನಾನು ಒಂದು ಹೆಬ್ಬೆರಳು ಜಜ್ಜಿಕೊಳ್ಳಬೇಕಾಯಿತು.

ಪಾವಗಡದ ಬೆಟ್ಟ ಹಿಂದೆ ಸರಿದು, ದಾರಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುವ ಸೀಮೆ ಬಂತು. ಬಲಸಮುದ್ರ ತಲುಪಿದಾಗ ನಡುಮಧ್ಯಾಹ್ನ. ದೊಡ್ಡಮ್ಮ ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದಳು. ಕಾರಿನ ಸದ್ದಿಗೆ ತಲೆಯೆತ್ತಿ, ಯಾವ ದಿಕ್ಕಿಗೆ ನೋಡಬೇಕೆಂದು ತಿಳಿಯದೆ, "ಎವರು?" ಎಂದಳು. ಅಮ್ಮ ಕಾರಿನಿಂದ ಇಳಿದಳು. ಹೋಗಿ ಅವಳ ಮುಂದೆ ಕುಕ್ಕರಿಸಿ, ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅಳತೊಡಗಿದಳು. ಕಣ್ಣು ಪೂರ್ತಿ ಹೋಗಿಬಿಟ್ಟಿದೆ, ನಾವು ತಡಮಾಡಿದೆವು ಎಂದುಕೊಂಡೆ.

ದೊಡ್ಡಮ್ಮ ಸಿಪ್ಪೆಯ ಧೂಳಿನ ಕೈಯಿಂದ ತಂಗಿಯ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿಕೊಂಡಳು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಹಣೆ, ಕೆನ್ನೆ, ಕೂದಲು ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಎಷ್ಟೋ ಹೊತ್ತು ನೋಡಿ, ಕೊನೆಗೆ ಹೇಳಿದಳು:

"ಏಮೇ ಲಚ್ಚೀ, ಇದೇನೇ ಇಂಗೆ ಮುದುಕಿ ಆಗ್ಬುಟ್ಟಿದೀಯಾ!"

ಅಮ್ಮನ ಅಳು ಅಲ್ಲಿಗೇ ನಿಂತಿತು. ಸೆರಗಿನಿಂದ ಮೂಗೊರೆಸಿಕೊಂಡು, ನನ್ನ ಕಡೆ ತಿರುಗಿ, ಮುಖವೆಲ್ಲ ಅರಳಿಸಿಕೊಂಡು ಅಂದಳು: "ಕಣ್ಣು ಹೋಗೈತೆ ಅಂತ ಯಾವನೋ ಹೇಳಿದ್ದು? ಎಲ್ಲಾ ಸರ್ಯಾಗಿ ಕಾಣ್ತದೆ ಇವಳಿಗೆ!"