ಬಾಯಲ್ಲಿಟ್ಟುಕೊಂಡ ಮೊಳೆಗಳು

ಯುದ್ಧದ ವರ್ಷಗಳು. ನಾನಾಗ ಏಳು ತಿಂಗಳ ಬಸುರಿ. ಹಲಸೂರಿನ ಮನೆಯಲ್ಲಿ ಮಾವನವರ ಕುರ್ಚಿಯ ಸೀಟು ಕುಸಿದಿತ್ತು. ಹಳೆಯ ಬಟ್ಟೆ ಕಿತ್ತು, ತೆಂಗಿನ ನಾರು ತುಂಬಿ, ದಂಡಿನ ಬಜಾರಿನ ಕುರ್ಚಿ ಕೆಲಸಗಾರರ ಹಾಗೆ ಎಂಟು ಸಣ್ಣ ಮೊಳೆ ಬಾಯಲ್ಲಿಟ್ಟುಕೊಂಡು ಹೊಸ ಬಟ್ಟೆ ಜಡಿಯಲು ಕೂತೆ.

“ಏನೇ, ಹಾಲು ಉಕ್ತಿದೆ!” ಅತ್ತೆ ಕೂಗಿದರು.

ಅತ್ತೆ ಕರೆದರೆ ಓಗೊಡದೆ ಇರುವುದುಂಟೇ? “ಬಂದೆ ಅತ್ತೆ” ಅಂದುಬಿಟ್ಟೆ. ಉಗುಳಿ ಎಣಿಸಿದರೆ ಏಳೇ ಮೊಳೆ.

“ನುಂಗ್ಬಿಟ್ಟೆ ಅತ್ತೆ! ಮಗೂಗೆ ಚುಚ್ಚುತ್ತಾ?”

“ಸುಮ್ನಿರು. ಬಾಳೆಹಣ್ಣು ತಿನ್ನು, ಮೊಳೆ ಜಾರಿ ಹೋಗುತ್ತೆ. ಬಡಗಿ ಆಗ್ಬೇಕಿತ್ತಾ ನಿಂಗೆ?” ಅತ್ತೆ ತಾವೇ ಹಣ್ಣು ಸುಲಿದು ಕೈಗಿಟ್ಟರು.

ಅರ್ಧ ತಿಂದು ಕೆಳಗಿಟ್ಟೆ. ಕಣ್ಣೊರೆಸಲು ಸೆರಗು ಎಳೆದೆ. ಅದರ ಮಡಿಕೆಯಿಂದ, ಬಾಯ್ಬಿಟ್ಟಾಗ ಜಾರಿದ್ದ ಎಂಟನೆಯ ಮೊಳೆ ನೆಲಕ್ಕೆ ಬಿತ್ತು. ದೇವರು ದೊಡ್ಡವನು. ಆದರೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಗು ಒಮ್ಮೆ ಒದೆಯುವವರೆಗೆ ಅಲ್ಲಾಡದೆ ಕೂತಿದ್ದೆ.